ತೆರೆ ಯಾರದು?

ಕಡಲನ್ನು ಕಂಡು ಸಂತೋಷಪಡುವವರಲ್ಲಿ ಎರಡು ಬಗೆ. ದಂಡೆಯ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತ ನೋಡುವವರು ಒಂದು ಬಗೆ. ನೀರಿಗಿಳಿದ ಹೊರತು ತೃಪ್ತಿಯಿಲ್ಲದವರು ಇನ್ನೊಂದು ಬಗೆ. ನಾನು ಮೊದಲನೆಯ ವರ್ಗಕ್ಕೆ ಸೇರಿದವನು. ನೀರು ಮೊಣಕಾಲನ್ನು ದಾಟಿತೆಂದರೆ ನನಗೆ ಮನೆಯ ನೆನಪು ಬರುತ್ತದೆ. ಎರಡನೆಯ ವರ್ಗದಲ್ಲಿ ಒಂದು ವಿಶೇಷ ಪಂಗಡವುಂಟು. ಇವರು ಆಳುದ್ದದ ಹಲಗೆಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಕಡಲಿಗಿಳಿಯುತ್ತಾರೆ. ಹಲಗೆಯ ಮೇಲೆ ಬೋರಲು ಮಲಗಿ, ಕೈಗಳನ್ನೇ ಹುಟ್ಟು ಮಾಡಿಕೊಂಡು, ತೆರೆಗಳು ಒಡೆಯುವ ಜಾಗವನ್ನು ದಾಟಿ ಆಚೆ ಹೋಗಿ ಕಾಯುತ್ತಾರೆ. ಮನಸ್ಸಿಗೊಪ್ಪಿದ ತೆರೆ ಎದ್ದು ಬಂದಾಗ ಅದರ ಮುಂದೆ ಮುಂದೆ ಈಸಿ, ಅದು ತಮ್ಮನ್ನು ಎತ್ತಿಕೊಂಡ ಕ್ಷಣದಲ್ಲಿ ಥಟ್ಟನೆ ಎದ್ದು ನಿಂತು, ಅದರ ಇಳಿಜಾರಿನ ಮೇಲೆ ಜಾರುತ್ತ ದಡದತ್ತ ಬರುತ್ತಾರೆ. ಸರ್ಫಿಂಗ್ ಎಂದು ಇದರ ಹೆಸರು. ಒಂದು ಸವಾರಿ ಅರ್ಧ ನಿಮಿಷ ನಡೆದರೆ ದೊಡ್ಡ ಮಾತು. ಆ ಅರ್ಧ ನಿಮಿಷಕ್ಕಾಗಿ ಅರ್ಧ ದಿನ ನೀರಿನಲ್ಲಿ ಕಾಯುವವರೂ ಅರ್ಧ ಭೂಮಂಡಲವನ್ನು ಸುತ್ತುವವರೂ ಇದ್ದಾರೆ.

ಈ ಆಟದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಆಟಕ್ಕಾಗಿ ಅಲ್ಲ; ಅದನ್ನು ಆಡುವವರ ಮನಸ್ಸಿನಲ್ಲಿರುವ ಒಂದು ತೊಡಕಿಗಾಗಿ. ಪ್ರತಿಯೊಬ್ಬ ಸವಾರನೂ ಹುಡುಕುವುದು ಮತ್ತೊಬ್ಬ ಸವಾರನಿಲ್ಲದ ಜಾಗವನ್ನು. ಜನವಿಲ್ಲದ ಒಂದು ಭೂಶಿರ, ಅದರ ಬದಿಯಲ್ಲಿ ಒಂದರ ಹಿಂದೊಂದು ಸಾಲಾಗಿ ಬರುವ ತೆರೆಗಳು, ತಾನು ಒಬ್ಬನೇ. ಇದು ಅವರೆಲ್ಲರ ಕನಸು. ಅಂಥ ಜಾಗ ಸಿಕ್ಕಿತೆನ್ನಿ. ಆಗ ಏಳುವ ಪ್ರಶ್ನೆ ಇದು: ಇನ್ನೊಬ್ಬರಿಗೆ ಹೇಳಬೇಕೆ, ಬೇಡವೆ? ಹೇಳಿದರೆ ಆ ಏಕಾಂತ ಹೋಯಿತು. ಹೇಳದಿದ್ದರೆ, ಯಾರ ಆಸ್ತಿಯೂ ಅಲ್ಲದ ಕಡಲನ್ನು ಬೀಗ ಹಾಕಿ ಇಟ್ಟುಕೊಂಡಂತಾಯಿತು. ಪ್ರಶ್ನೆ ಸರ್ಫಿಂಗಿನವರದಾದರೂ ನಮಗೆಲ್ಲ ಒಂದಲ್ಲ ಒಂದು ಸಲ ಎದುರಾದದ್ದೇ. ಜನ ಮುಗಿಬೀಳದ ಒಂದು ಜಲಪಾತ, ಪೇಟೆಯವರಿಗೆ ಗೊತ್ತಿಲ್ಲದ ಒಂದು ಹಳೆಯ ಬಸದಿ, ಒಳ್ಳೆಯ ಕಾಫಿ ಸಿಗುವ ಒಂದು ಸಣ್ಣ ಹೋಟೆಲು. ಇವುಗಳ ವಿಷಯದಲ್ಲಿ ಬಾಯಿ ಬಿಡುವ ಮುನ್ನ ಒಂದು ಗಳಿಗೆ ತಡೆದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ!

ತೆರೆ ಎಂದರೇನು ಎಂಬುದನ್ನು ಮೊದಲು ತಿಳಿಯುವುದು ಮೇಲು. ದಡದಲ್ಲಿ ಕುಳಿತವನಿಗೆ ನೀರಿನ ಗುಡ್ಡವೊಂದು ದೂರದಿಂದ ಹೊರಟು ತನ್ನತ್ತ ಬಂದಂತೆ ತೋರುತ್ತದೆ. ಆದರೆ ಆಳ ಕಡಲಲ್ಲಿ ನೀರು ಪ್ರಯಾಣ ಮಾಡುವುದಿಲ್ಲ. ಇದ್ದಲ್ಲೇ ಸುತ್ತು ತಿರುಗಿ ಹೆಚ್ಚುಕಡಮೆ ಇದ್ದಲ್ಲಿಗೇ ಬರುತ್ತದೆ. ಮುಂದೆ ಸಾಗುವುದು ಚಲನೆ ಮಾತ್ರ. ಗಾಳಿಗೆ ಬತ್ತದ ಗದ್ದೆ ತೂಗಿದಾಗ ಪೈರು ಎಲ್ಲಿಗೂ ಹೋಗುವುದಿಲ್ಲ, ತೂಗು ಮಾತ್ರ ಈ ಬದುವಿನಿಂದ ಆ ಬದುವಿಗೆ ಹೋಗುತ್ತದಲ್ಲವೆ, ಹಾಗೆ. ದಕ್ಷಿಣ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಕಸುವು ಸಾವಿರಾರು ಮೈಲಿಗಳಾಚೆಯ ದಡಕ್ಕೆ ಈ ರೀತಿಯಲ್ಲಿ ಬಂದು ಮುಟ್ಟುತ್ತದೆ. ಹದಿನೈದು ಸೆಕೆಂಡಿಗೊಮ್ಮೆ ಏಳುವ ದೊಡ್ಡ ತೆರೆಗಳ ಗುಂಪು ಆಳ ಕಡಲಲ್ಲಿ ಗಂಟೆಗೆ ಸುಮಾರು ೪೦ ಕಿಲೋಮೀಟರು ಸಾಗುತ್ತದೆ. ನಮ್ಮ ಪಶ್ಚಿಮ ಕರಾವಳಿಗೂ ಅದು ಬರುವುದುಂಟು. ಗಾಳಿಯಿಲ್ಲದ ಬೇಸಗೆಯ ದಿನ ಯಾವ ಸೂಚನೆಯೂ ಇಲ್ಲದೆ ಉಕ್ಕಿಬಂದು ಅಂಗಳಕ್ಕೆ ನುಗ್ಗುವ ಈ ಕಡಲನ್ನು ಕೇರಳದ ಬೆಸ್ತರು ‘ಕಳ್ಳಕ್ಕಡಲ್’ ಎನ್ನುತ್ತಾರೆ.

ಹೀಗೆ ಬಂದ ತೆರೆ, ನೀರಿನ ಆಳ ತನ್ನ ಎತ್ತರದ ಒಂದೂಕಾಲು ಪಟ್ಟಿಗೆ ಇಳಿದಾಗ, ಹೆಚ್ಚುಕಡಮೆ ಆ ಸುಮಾರಿಗೆ, ಮುಗ್ಗರಿಸಿ ಒಡೆಯುತ್ತದೆ. ನೇರವಾದ ದಡದಲ್ಲಿ ಅದು ಉದ್ದಕ್ಕೂ ಒಮ್ಮೆಗೇ ಗೋಡೆ ಕುಸಿದಂತೆ ಬೀಳುತ್ತದೆ. ಸವಾರನಿಗೆ ಅದರಿಂದ ಪ್ರಯೋಜನವಿಲ್ಲ. ಭೂಶಿರದ ಬಳಿಯ ಕಥೆ ಬೇರೆ. ನೆಲ ಕಡಲಿಗೆ ಚಾಚಿದ ಆ ಮೂಗಿನ ಬಳಿ ತೆರೆಯ ಒಂದು ತುದಿಗೆ ಮೊದಲು ನೆಲ ತಗಲುತ್ತದೆ, ಅದು ನಿಧಾನವಾಗುತ್ತದೆ. ಆಳದಲ್ಲಿರುವ ಇನ್ನೊಂದು ತುದಿ ಮೊದಲಿನ ವೇಗದಲ್ಲೇ ಬರುತ್ತದೆ. ಆದ್ದರಿಂದ ತೆರೆ ಭೂಶಿರವನ್ನು ಬಳಸಿ ಬಾಗುತ್ತದೆ, ಮತ್ತು ತೆಂಗಿನ ಗರಿಯನ್ನು ಒಂದು ತುದಿಯಿಂದ ಸೀಳಿಕೊಂಡು ಬಂದಂತೆ ಕ್ರಮವಾಗಿ ಒಡೆಯುತ್ತ ಹೋಗುತ್ತದೆ. ಒಡೆಯುವ ತುದಿಗೂ ಒಡೆಯದ ಭಾಗಕ್ಕೂ ನಡುವೆ ಇರುವ ಆ ನಯವಾದ ಇಳಿಜಾರೇ ಸವಾರನ ದಾರಿ. ಅಲ್ಲಿ ಜಾಗವಿರುವುದು ಒಬ್ಬನಿಗೆ. ನಮ್ಮ ಪ್ರಶ್ನೆಯೆಲ್ಲ ಹುಟ್ಟುವುದು ಈ ಒಂದು ಸಂಗತಿಯಿಂದ.

ಈ ಪ್ರಶ್ನೆಗೆ ಬಹಳ ಪ್ರಸಿದ್ಧವಾದ ಉದಾಹರಣೆಯೊಂದಿದೆ. ಬ್ರೂಸ್ ಬ್ರೌನ್ ಎಂಬ ಅಮೆರಿಕದ ಚಿತ್ರಗಾರ ಮೈಕ್ ಹೈನ್ಸನ್, ರಾಬರ್ಟ್ ಆಗಸ್ಟ್ ಎಂಬ ಇಬ್ಬರು ಕ್ಯಾಲಿಫೋರ್ನಿಯದ ಯುವಕರನ್ನು ಕರೆದುಕೊಂಡು ಬೇಸಗೆಯ ಬೆನ್ನು ಹತ್ತಿ ಭೂಮಿಯನ್ನು ಸುತ್ತಿ ಬಂದ. ಹಾಗೆ ತೆಗೆದ ‘ದಿ ಎಂಡ್‌ಲೆಸ್ ಸಮ್ಮರ್’ ಎಂಬ ಚಿತ್ರ ೧೯೬೬ರಲ್ಲಿ ಸಾರ್ವಜನಿಕವಾಗಿ ತೆರೆಕಂಡಿತು. ನಾನು ಅದನ್ನು ನೋಡಿದ್ದು ಬಹಳ ಕಾಲದ ಮೇಲೆ, ಮನೆಯ ಸಣ್ಣ ಪರದೆಯ ಮೇಲೆ. ಅದರಲ್ಲಿ ದಕ್ಷಿಣ ಆಫ್ರಿಕದ ಕೇಪ್ ಸೇಂಟ್ ಫ್ರಾನ್ಸಿಸ್ ಎಂಬ ಭೂಶಿರದ ಭಾಗ ಬರುತ್ತದೆ. ಇಬ್ಬರೂ ಹಲಗೆ ಹೊತ್ತು ಮರಳದಿಬ್ಬಗಳನ್ನು ಹತ್ತಿ ಇಳಿಯುತ್ತಾರೆ. ಮರಳಲ್ಲದೆ ಬೇರೇನೂ ಕಾಣುವುದಿಲ್ಲ. ಕೊನೆಯ ದಿಬ್ಬದ ಆಚೆಗೆ ಕಡಲು, ಮನುಷ್ಯನ ಸುಳಿವಿಲ್ಲ, ಯಂತ್ರದಲ್ಲಿ ಕಡೆದಂತಹ ಸಣ್ಣ ಸಣ್ಣ ತೆರೆಗಳು ಒಂದೇ ಸಮನೆ ಬಂದು, ಒಂದೇ ರೀತಿಯಲ್ಲಿ ಸುರುಳಿ ಬಿಚ್ಚಿಕೊಂಡು ಹೋಗುತ್ತವೆ. ಈಜು ಬಾರದ ನನಗೂ ಎದೆ ಒಂದು ಕ್ಷಣ ಹಗುರಾಯಿತು. ಲೋಕದಲ್ಲಿ ಇನ್ನೂ ಯಾರೂ ಮುಟ್ಟದ ಸುಖವೊಂದು ಎಲ್ಲಿಯೋ ಇದೆ ಎಂಬ ಭರವಸೆಯನ್ನು ಆ ಕೆಲವು ನಿಮಿಷಗಳು ಕೊಡುತ್ತವೆ.

ಚಿತ್ರವನ್ನು ದೇಶದೇಶಗಳ ಜನ ನೋಡಿದರು. ಭೂಶಿರದ ಹೆಸರು ಬಾಯಿಂದ ಬಾಯಿಗೆ ಹೋಯಿತು. ಮುಂದಿನದನ್ನು ಓದುಗರು ಊಹಿಸಬಹುದು: ಜನ ಬಂದರು, ಜಾಗ ಕೆಟ್ಟಿತು ಎಂದು. ನಾನೂ ಹಾಗೆಯೇ ಊಹಿಸಿದ್ದೆ. ಆದರೆ ನಡೆದದ್ದು ಅಷ್ಟು ಸರಳವಲ್ಲ. ಆ ತೆರೆ ವಾಸ್ತವವಾಗಿ ಅಪರೂಪಕ್ಕೆ ಮಾತ್ರ ಹಾಗೆ ಏಳುವಂಥದು. ಸವಾರರು ಅದೇ ಕೊಲ್ಲಿಯ ಇನ್ನೊಂದು ಬದಿಯಲ್ಲಿರುವ ಜೆಫ್ರೀಸ್ ಬೇ ಕಡೆಗೆ ಹೊರಳಿದರು. ಅಲ್ಲಿಯ ತೆರೆಗಳು ಹೆಚ್ಚು ನಂಬಿಕೆಗೆ ಅರ್ಹವಾದವು. ಸೇಂಟ್ ಫ್ರಾನ್ಸಿಸ್ಸಿನ ತೆರೆಯನ್ನು ಕೆಡಿಸಿದ್ದು ಹಲಗೆಗಳ ಸಂಖ್ಯೆಯಲ್ಲ, ಮನೆಗಳು.

ಆ ಮರಳದಿಬ್ಬಗಳು ಸುಮ್ಮನೆ ಬಿದ್ದಿದ್ದ ಬಂಜರಲ್ಲ. ಪಶ್ಚಿಮದ ಗಾಳಿ ಆಯ್‌ಸ್ಟರ್ ಬೇ ಕಡೆಯಿಂದ ಮರಳನ್ನು ಭೂಶಿರದ ಬೆನ್ನಿನ ಮೇಲೆ ಹಾಯಿಸಿಕೊಂಡು ಬಂದು ಈ ಬದಿಯ ಕೊಲ್ಲಿಗೆ ಸುರಿಯುತ್ತಿತ್ತು. ನೆಲದ ಮೇಲೆ ಹರಿಯುವ ಮರಳಿನ ಹೊಳೆ ಎನ್ನಿ. ಆ ಮರಳೇ ನೀರಿನಡಿ ಹರಡಿ ತೆರೆಗೆ ಹಾಸು ಹಾಕುತ್ತಿತ್ತು, ದಡವನ್ನೂ ಕಾಪಾಡುತ್ತಿತ್ತು. ಚೆಲುವಾದ ನೋಟವಿರುವಲ್ಲಿ ಮನೆ ಕಟ್ಟಬೇಕೆಂದವರಿಗೆ ಹಾರುವ ಮರಳು ಉಪದ್ರವವಾಯಿತು. ಆಸ್ಟ್ರೇಲಿಯದಿಂದ ತಂದ ಅಕೇಶಿಯಾ ಜಾತಿಯ ಗಿಡ ಬೆಳೆಸಿ ದಿಬ್ಬಗಳನ್ನು ಅಲುಗದಂತೆ ಕಟ್ಟಿಹಾಕಿದರು. ಮೇಲೆ ಬೀದಿಗಳು, ಮನೆಗಳು ಎದ್ದವು. ಮರಳಿನ ಹೊಳೆ ನಿಂತಿತು. ತೆರೆ ತನ್ನ ಹಾಸನ್ನು ಕಳೆದುಕೊಂಡಿತು. ಅದರ ಹಿಂದೆಯೇ ದಡ ಕೊರೆಯಲು ಮೊದಲಾಯಿತು. ಯಾವ ನೋಟಕ್ಕಾಗಿ ಮನೆ ಕಟ್ಟಿದರೋ ಆ ಮನೆಗಳನ್ನು ಕಡಲಿನಿಂದ ಉಳಿಸಲು ಬಂಡೆಗಳನ್ನು ತಂದು ಒಡ್ಡಬೇಕಾಯಿತು. ಉಳ್ಳಾಲದಲ್ಲಿ, ಮರವಂತೆಯಲ್ಲಿ ಕಲ್ಲಿನ ತಡೆಗೋಡೆಗಳನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾದರೆ ಬ್ರೂಸ್ ಬ್ರೌನ್ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತೆ? ನನ್ನ ಸಹೋದ್ಯೋಗಿಯೊಬ್ಬರು ಅರ್ಥಶಾಸ್ತ್ರ ಪಾಠ ಹೇಳುವವರು. ಒಂದು ಮಧ್ಯಾಹ್ನ ಅಧ್ಯಾಪಕರ ಕೊಠಡಿಯಲ್ಲಿ ಈ ಪ್ರಶ್ನೆಯನ್ನು ಅವರ ಮುಂದಿಟ್ಟೆ.

“ನಿಮ್ಮವರು ಏನೆನ್ನುತ್ತಾರೆ, ಅದನ್ನು ಮೊದಲು ಹೇಳಿ” ಎಂದರು.

ನಮ್ಮವರು ಎಂದರೆ ಕನ್ನಡದವರು. ನಾನು ಬಸವಣ್ಣನವರನ್ನು ನೆನೆದೆ. ತನಗೆ ಸಿಕ್ಕಿದ್ದನ್ನು ಒಬ್ಬಂಟಿಯಾಗಿ ಮುಗಿಸದೆ ಬಳಗವನ್ನು ಕೂಗುವ ಗುಣಕ್ಕಾಗಿ ಅವರು ಕಾಗೆಯನ್ನೂ ಕೋಳಿಯನ್ನೂ ಮನುಷ್ಯನಿಗೆ ಮಾದರಿಯಾಗಿ ಎತ್ತಿ ತೋರಿಸಿದ್ದಾರೆ. ಮೇಲುಕೋಟೆಯನ್ನು ಬೆಳಗಿದ ರಾಮಾನುಜಾಚಾರ್ಯರ ವಿಷಯದಲ್ಲಿ ಶ್ರೀವೈಷ್ಣವರು ಹೇಳುವ ಕಥೆಯೂ ಎಲ್ಲರಿಗೂ ಗೊತ್ತು. ತಿರುಕ್ಕೋಷ್ಟಿಯೂರಿನಲ್ಲಿ ಗುರುಗಳು ಮಂತ್ರವನ್ನು ಉಪದೇಶಿಸಿ, ಯಾರಿಗೂ ಹೇಳಕೂಡದು, ಹೇಳಿದರೆ ನರಕ ಎಂದು ಕಟ್ಟು ಮಾಡಿದರಂತೆ. ಆಚಾರ್ಯರು ದೇವಾಲಯದ ಮೇಲೆ ಹತ್ತಿ ನಿಂತು ಊರಿಗೆಲ್ಲ ಕೇಳುವಂತೆ ಅದನ್ನು ಸಾರಿದರಂತೆ. ಇಷ್ಟು ಜನ ಉದ್ಧಾರವಾಗುವುದಾದರೆ ತಾನೊಬ್ಬನು ನರಕಕ್ಕೆ ಹೋಗುವುದರಲ್ಲಿ ಚಿಂತೆಯೇನು ಎಂಬುದು ಅವರ ಸಮಾಧಾನ. ಇದಕ್ಕಿಂತ ದೊಡ್ಡ ಮಾತು ಹಂಚಿಕೊಳ್ಳುವ ಪಕ್ಷದಲ್ಲಿ ಇಲ್ಲ.

ಮಿತ್ರರು ನಕ್ಕರು. “ಸರಿಯೇ. ಆದರೆ ಮಂತ್ರ ಹಂಚಿದರೆ ಕಡಮೆಯಾಗುವುದಿಲ್ಲ ಸ್ವಾಮಿ. ಸಾವಿರ ಜನ ಜಪಿಸಿದರೂ ಮೊದಲಿನವನ ಪಾಲು ಹಾಗೆಯೇ ಇರುತ್ತದೆ. ಮಾವಿನಹಣ್ಣು ಹಂಚಿದರೆ ಕಡಮೆಯಾಗುತ್ತದೆ, ಆದರೆ ಹೋಳು ಮಾಡಬಹುದು. ನಿಮ್ಮ ತೆರೆ ಎರಡೂ ಅಲ್ಲ. ಹೋಳು ಮಾಡಲು ಬರುವುದಿಲ್ಲ, ನಾಳೆಗೆ ಎತ್ತಿಡಲು ಬರುವುದಿಲ್ಲ. ಒಬ್ಬ ಏರಿದರೆ ಇನ್ನೊಬ್ಬನಿಗೆ ಇಲ್ಲ.”

“ಹಾಗಾದರೆ ಮುಚ್ಚಿಡಬೇಕು ಎನ್ನುತ್ತೀರಾ?”

“ನಾನೆಲ್ಲಿ ಹಾಗೆಂದೆ? ಸರದಿ ಮಾಡಿ ಎನ್ನುತ್ತೇನೆ. ನಮ್ಮ ಬೀದಿಯ ನಲ್ಲಿಯ ಮುಂದೆ ಕೊಡ ಸಾಲಾಗಿ ಇಡುವುದಿಲ್ಲವೆ?”

ಅವರು ಇನ್ನೂ ಹೇಳಿದರು. ಗ್ಯಾರೆಟ್ ಹಾರ್ಡಿನ್ ಎಂಬ ವಿದ್ವಾಂಸ ೧೯೬೮ರಲ್ಲಿ ಒಂದು ಪ್ರಬಂಧ ಬರೆದು, ಎಲ್ಲರಿಗೂ ಸೇರಿದ ಗೋಮಾಳ ಕೊನೆಗೆ ಹಾಳಾಗಿಯೇ ತೀರುತ್ತದೆ, ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಡುತ್ತಾನೆ ಎಂದು ವಾದಿಸಿದ. ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ ಸ್ವಿಟ್ಜರ್ಲೆಂಡಿನ ಬೆಟ್ಟದ ಹುಲ್ಲುಗಾವಲು, ಜಪಾನಿನ ಹಳ್ಳಿಗಳ ಕಾಡು, ಸ್ಪೇಯ್ನಿನ ಕಾಲುವೆಗಳನ್ನು ಪರಿಶೀಲಿಸಿ, ಹಾಗಾಗಲೇಬೇಕೆಂದಿಲ್ಲ ಎಂದು ತೋರಿಸಿದಳು. ಶತಮಾನಗಳಿಂದ ಅವನ್ನು ಕಾಪಾಡಿದವರು ಅಲ್ಲಿಯ ಜನರೇ. ತಾವೇ ಕಟ್ಟು ಮಾಡಿಕೊಂಡು, ತಾವೇ ಕಾವಲಿದ್ದು. ೨೦೦೯ರಲ್ಲಿ ಆಕೆಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು. ಕೊಡಗಿನ ದೇವರಕಾಡುಗಳನ್ನು ಬಲ್ಲ ನಮಗೆ ಇದು ತೀರ ಹೊಸದಲ್ಲ. ದೇವರಕಾಡು ಗುಟ್ಟಿನ ಜಾಗವಲ್ಲ. ಊರಿಗೆಲ್ಲ ಗೊತ್ತಿರುವ ಜಾಗ. ಅದು ಉಳಿದುಬಂದದ್ದು ಮರೆಯಿಂದಲ್ಲ, ಮರ್ಯಾದೆಯಿಂದ.

ತೆರೆಯ ಸವಾರರಲ್ಲೂ ಇಂಥ ಮರ್ಯಾದೆಯಿದೆ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ತೆರೆ ಒಡೆಯುವ ತುದಿಗೆ ಯಾರು ಹತ್ತಿರವೋ ತೆರೆ ಅವರದು, ಮಿಕ್ಕವರು ಬಿಟ್ಟುಕೊಡಬೇಕು. ಇನ್ನೊಬ್ಬನ ದಾರಿಗೆ ಅಡ್ಡವಾಗಿ ಇಳಿಯುವುದು ದೊಡ್ಡ ಅಪರಾಧ. ಸವಾರಿ ಮುಗಿಸಿದವನು ಮತ್ತೆ ಆಚೆಗೆ ಹೋಗುವಾಗ ಇತರರ ದಾರಿಯನ್ನು ತಪ್ಪಿಸಿ, ಸುತ್ತು ಬಳಸಿ ಹೋಗಬೇಕು. ಯಾವ ಸರಕಾರವೂ ಈ ಕಾನೂನನ್ನು ಮಾಡಿಲ್ಲ. ಆದರೂ ಹವಾಯಿಯಿಂದ ಹಿಡಿದು ನಮ್ಮ ಮೂಲ್ಕಿಯವರೆಗೆ ಇದು ನಡೆಯುತ್ತದೆ.

ಆದರೆ ಮರ್ಯಾದೆ ಕಾಯುವ ನೆಪದಲ್ಲಿ ಪಾಳೆಯಗಾರಿಕೆ ನುಸುಳುವುದೂ ಉಂಟು. ಕ್ಯಾಲಿಫೋರ್ನಿಯದ ಲುನಾಡಾ ಬೇ ಎಂಬಲ್ಲಿ ಎತ್ತರದ ಕಡಿಬಂಡೆಯ ಕೆಳಗೆ ಒಳ್ಳೆಯ ತೆರೆಗಳು ಬರುತ್ತವೆ. ಅಲ್ಲಿಯ ಸ್ಥಳೀಯ ಸವಾರರ ಕೂಟವೊಂದು ಹೊರಗಿನವರನ್ನು ದಶಕಗಳ ಕಾಲ ಹೆದರಿಸಿ ಅಟ್ಟುತ್ತ ಬಂತು ಎಂಬ ದೂರು ಪ್ರಸಿದ್ಧವಾದದ್ದು. ದಡದಲ್ಲಿ ಅವರು ಕಲ್ಲಿನ ಕಟ್ಟೆಯೊಂದನ್ನೂ ಕಟ್ಟಿಕೊಂಡಿದ್ದರು. ಆ ರಾಜ್ಯದಲ್ಲಿ ಕಡಲತೀರಕ್ಕೆ ಹೋಗುವ ಹಕ್ಕು ಎಲ್ಲರದು ಎಂದು ೧೯೭೬ರ ಕಾಯಿದೆಯೇ ಹೇಳುತ್ತದೆ. ೨೦೧೬ರಲ್ಲಿ ಮೊಕದ್ದಮೆ ಹೂಡಲಾಯಿತು. ಆ ವರ್ಷವೇ ಕಟ್ಟೆಯನ್ನು ಕೆಡವಿದರು. ಆ ಕೊಲ್ಲಿ ಅಷ್ಟು ವರ್ಷ ಜನಸಂದಣಿಯಿಲ್ಲದೆ ಪ್ರಶಾಂತವಾಗಿತ್ತು, ನಿಜ. ಆದರೆ ಕೋಲು ಹಿಡಿದ ಮೇಷ್ಟರ ತರಗತಿಯೂ ಪ್ರಶಾಂತವಾಗಿಯೇ ಇರುತ್ತದೆ.

ಇಲ್ಲಿ ಬಂದಾಗ ನನಗೆ ಮತ್ತೆ ಕೇಪ್ ಸೇಂಟ್ ಫ್ರಾನ್ಸಿಸ್ಸಿನ ಆ ನಿರ್ಜನ ದಡ ನೆನಪಾಯಿತು. ಚಿತ್ರ ನೋಡುವಾಗ ಕೇಳದೆ ಬಿಟ್ಟಿದ್ದ ಪ್ರಶ್ನೆಯೊಂದು ಈಗ ಎದ್ದಿತು: ಅಲ್ಲಿ ಯಾರೂ ಇರಲಿಲ್ಲವೆಂದರೆ, ಯಾರು ಯಾರು ಇರಬಹುದಿತ್ತು? ದಕ್ಷಿಣ ಆಫ್ರಿಕದಲ್ಲಿ ೧೯೫೩ರಲ್ಲೇ ಸಾರ್ವಜನಿಕ ಸ್ಥಳಗಳನ್ನು ಬಣ್ಣದ ಮೇಲೆ ಬೇರೆ ಮಾಡುವ ಕಾಯಿದೆ ಬಂದಿತ್ತು. ಬೇರೆಬೇರೆ ಜನಕ್ಕೆ ಕೊಡುವ ಸೌಕರ್ಯ ಸಮನಾಗಿರಬೇಕಿಲ್ಲ ಎಂಬುದನ್ನೂ ಅದು ಬಾಯಿಬಿಟ್ಟು ಹೇಳಿತ್ತು. ಒಳ್ಳೆಯ ದಡಗಳು ಬಿಳಿಯರಿಗೆ. ಆ ಕಾಯಿದೆ ರದ್ದಾದದ್ದು ೧೯೯೦ರಲ್ಲಿ. ೧೮೬೦ರಿಂದ ಮೊದಲಾಗಿ ನಮ್ಮ ದೇಶದಿಂದ ನಟಾಲಿನ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದವರ ಮಕ್ಕಳು ಮೊಮ್ಮಕ್ಕಳು ಡರ್ಬನ್ನಿನ ಒಳ್ಳೆಯ ದಡಗಳನ್ನು ದೂರದಿಂದ ನೋಡಬೇಕಾಗಿತ್ತು. ಇಬ್ಬರು ಯುವಕರು ದಿಬ್ಬ ಇಳಿದು ಬರುವ ಆ ಚೆಲುವಾದ ಚಿತ್ರದಲ್ಲಿ ಇದರ ಮಾತು ಬರುವುದಿಲ್ಲ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ತೆರೆ ಹುಡುಕಿ ಬಂದವರು. ಆದರೆ ಏಕಾಂತವೆಂದು ನಾವು ಮೆಚ್ಚುವುದರಲ್ಲಿ ಎಷ್ಟು ಪಾಲು ಪ್ರಕೃತಿಯದು, ಎಷ್ಟು ಪಾಲು ಇನ್ನೊಬ್ಬರ ಮುಖಕ್ಕೆ ಹಾಕಿದ ಕದ, ಎಂದು ವಿಚಾರಿಸಿ ನೋಡುವುದು ಧರ್ಮ.

ಕದ ಹಾಕದೆಯೂ ಈ ತಪ್ಪುತಿಳಿವಳಿಕೆ ಆಗುವುದುಂಟು. ನಮ್ಮ ಕರಾವಳಿ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ್ದು. ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಸುವ ಆಶ್ರಮವೊಂದು ಈ ಶತಮಾನದ ಮೊದಲ ವರ್ಷಗಳಲ್ಲಿ ಪ್ರಾರಂಭವಾಯಿತು. ಅದರ ಸಮೀಪದ ಸಸಿಹಿತ್ಲುವಿನಲ್ಲಿ ೨೦೧೬ರಲ್ಲಿ ಅಖಿಲ ಭಾರತದ ಸ್ಪರ್ಧೆಯೇ ನಡೆಯಿತು. ಉತ್ತರ ಕನ್ನಡದಲ್ಲಿ ಘಟ್ಟದ ಚಾಚುಗಳು ಕಡಲಿನವರೆಗೂ ಬಂದು ಒಂದರ ಪಕ್ಕದಲ್ಲೊಂದು ಭೂಶಿರಗಳಾಗಿವೆ. ಗೋಕರ್ಣದ ಓಂ ತೀರಕ್ಕೆ ಒಂದು ಕಾಲದಲ್ಲಿ ಗುಡ್ಡ ಹತ್ತಿಳಿದೇ ಹೋಗಬೇಕಾಗಿತ್ತು; ಇಂದು ತೀರದ ನೆತ್ತಿಯವರೆಗೆ ವಾಹನ ಹೋಗುತ್ತದೆ. ಅಂಥ ರಸ್ತೆ ಇನ್ನೂ ತಲಪದ ಒಂದು ಭೂಶಿರವನ್ನು ನಾನು ಬಲ್ಲೆ. ರಜೆಯಲ್ಲಿ ಎರಡು ಮೂರು ಸಲ ಅಲ್ಲಿ ಕುಳಿತು ಬಂದಿದ್ದೇನೆ. ಕೆಳಗೆ ಮುರಕಲ್ಲಿನ ಬಂಡೆ, ಬಂಡೆಯನ್ನು ಬಳಸಿ ಬರುವ ತೆರೆ, ಎರಡು ದೋಣಿ, ಗಂಟೆಗಟ್ಟಲೆ ಕುಳಿತರೂ ಯಾರೂ ಕಾಣುವುದಿಲ್ಲ. ಬೆಂಗಳೂರಿನಿಂದ ಹೋದವನಿಗೆ ಇದಕ್ಕಿಂತ ಏನು ಬೇಕು?

ಅಲ್ಲಿಯ ಹಿರಿಯ ಮೀನುಗಾರರೊಬ್ಬರು ಬಲೆ ಹೊತ್ತುಕೊಂಡು ಹಾದುಹೋಗುವಾಗ ಮಾತಿಗೆ ನಿಂತರು. ಜಾಗ ಖಾಲಿಯಾಗಿ ಎಷ್ಟು ಚೆನ್ನಾಗಿದೆ ಎಂದೆ. ಅವರು ಕಡಲನ್ನೂ ನನ್ನನ್ನೂ ನೋಡಿ ಹೇಳಿದರು: “ಖಾಲಿ ಎಲ್ಲುಂಟು ಮಾಸ್ತರ್ರೆ? ನೀವು ಬರುವ ಹೊತ್ತಿಗೆ ನಾವು ಇರುವುದಿಲ್ಲ, ಅಷ್ಟೆ. ಬೆಳಗಿನ ಜಾವ ನಾಲ್ಕಕ್ಕೆ ಬನ್ನಿ, ನಿಲ್ಲಲಿಕ್ಕೆ ಜಾಗ ಇರುವುದಿಲ್ಲ.”

ಆ ಮಾತಿನ ಮುಂದೆ ನನ್ನ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ನಾನು ಕಂಡುಹಿಡಿದೆನೆಂದು ಅಂದುಕೊಂಡಿದ್ದ ಜಾಗದಲ್ಲಿ ಒಂದು ಊರೇ ತಲೆತಲಾಂತರದಿಂದ ಅನ್ನ ದುಡಿಯುತ್ತಿದೆ. ಮಳೆಗಾಲದಲ್ಲಿ ಕಡಲಿಗೆ ಬಿಡುವು ಕೊಟ್ಟು, ಶ್ರಾವಣದಲ್ಲಿ ಪೂಜೆ ಮಾಡಿ, ತೆಂಗಿನಕಾಯಿ ಅರ್ಪಿಸಿ, ಮತ್ತೆ ದೋಣಿ ಇಳಿಸುವ ಜನ ಅವರು. ಈ ಜಾಗವನ್ನು ಹೇಳುವುದೋ ಮುಚ್ಚಿಡುವುದೋ ಎಂದು ತೀರ್ಮಾನಿಸಲು ನಾನು ಯಾರು? ಹೇಳುವ ಅಧಿಕಾರವಿದ್ದರೆ ಅವರಿಗೆ. ಮೌನದ ಅಧಿಕಾರವೂ ಅವರದೇ.

ಆದರೂ ನಾವು ಕೈತೊಳೆದುಕೊಂಡು ಕೂರುವಂತಿಲ್ಲ. ಹೇಳುವ ಸಂದರ್ಭ ನಮಗೆ ಬಂದೇ ಬರುತ್ತದೆ. ಜೇಬಿನಲ್ಲಿರುವ ಫೋನಿನಿಂದ ಒಂದು ಚಿತ್ರ ಕಳಿಸಿದರೆ ಸಂಜೆಯೊಳಗೆ ಹತ್ತು ಸಾವಿರ ಜನಕ್ಕೆ ಹೇಳಿದಂತೆ. ಆಗ ಮನಸ್ಸಿಗೆ ಹಾಕಿಕೊಳ್ಳಬೇಕಾದ ಪರೀಕ್ಷೆಯೊಂದು ನನಗೆ ಹೊಳೆದಿದೆ. ಇನ್ನು ಮುಂದೆ ನಾನು ಈ ಜಾಗಕ್ಕೆ ಎಂದೂ ಬರಲಾರೆ ಎಂದಿಟ್ಟುಕೊಳ್ಳೋಣ. ಆಗಲೂ ಇದರ ಹೆಸರನ್ನು ಹೇಳದೆ ಇರುವೆನೆ? ಇರುವೆನಾದರೆ ನನ್ನ ಮೌನ ಆ ಜಾಗಕ್ಕಾಗಿ, ಅಲ್ಲಿಯ ಮರಳಿಗಾಗಿ, ಅಲ್ಲಿಯ ಜನಕ್ಕಾಗಿ, ಅದು ಸೌಜನ್ಯ. ಇರಲಾರೆನಾದರೆ ಆ ಮೌನ ನನ್ನ ಹಲಗೆಗಾಗಿ, ನನ್ನ ಕುರ್ಚಿಗಾಗಿ, ಅದು ಜಿಪುಣತನ. ಹೇಳುವುದಕ್ಕೂ ಇದೇ ಪರೀಕ್ಷೆ ಒಪ್ಪುತ್ತದೆ. ಕೇಳಿದವನ ಸಂತೋಷಕ್ಕಾಗಿ ಹೇಳುತ್ತಿರುವೆನೆ, ಮೊದಲು ಕಂಡವನು ನಾನು ಎಂಬ ಬಿರುದಿಗಾಗಿ ಹೇಳುತ್ತಿರುವೆನೆ? ಎರಡನೆಯದಾದರೆ ಅದೂ ಮುಚ್ಚಿಡುವವನ ಆಸೆಯೇ, ವೇಷ ಬೇರೆ.

ಕನ್ನಡ ಪಾಠ ಹೇಳುವವನಾದ್ದರಿಂದ ಇಲ್ಲಿ ಒಂದು ಶಬ್ದದ ಮಾತನ್ನು ಓದುಗರು ಸಹಿಸಿಕೊಳ್ಳಬೇಕು. ಅಲೆಗೆ ನಮ್ಮ ಹಳೆಯ ಹೆಸರು ತೆರೆ. ಮರೆಮಾಡುವ ಪರದೆಯೂ ತೆರೆ. ಬಾಗಿಲು ತೆರೆ ಎಂದಾಗ ಬಿಚ್ಚು ಎಂದು ಅರ್ಥ. ಶಾಸನಗಳಲ್ಲಿ ತೆರಿಗೆಗೂ ಅದೇ ಹೆಸರು. ಹಳಗನ್ನಡದವರು ಅಲೆಯನ್ನೂ ಪರದೆಯನ್ನೂ ಸಾಮಾನ್ಯ ರೇಫದಿಂದ ಬರೆಯುತ್ತಿದ್ದರು. ಬಿಚ್ಚುವುದಕ್ಕೂ ತೆರಿಗೆಗೂ ಶಕಟರೇಫವನ್ನು ಬಳಸುತ್ತಿದ್ದರು. ಶಕಟರೇಫ ಬಳಕೆ ತಪ್ಪಿದ ಮೇಲೆ ನಾಲ್ಕೂ ಒಂದೇ ಆಗಿ ಕುಳಿತಿವೆ. ಇದು ಭಾಷೆಯ ಆಕಸ್ಮಿಕ. ಇದರಿಂದ ತತ್ತ್ವ ಹಿಂಡಲು ನಾನು ಹೊರಟಿಲ್ಲ. ಆದರೆ ನಮ್ಮ ಪ್ರಶ್ನೆಯ ಎಲ್ಲ ಅಂಗಗಳನ್ನೂ ಆ ಒಂದು ಮಾತು ನೆನಪಿಗೆ ತರುತ್ತದೆ. ಚೆಲುವಿದೆ, ಅದನ್ನು ಮರೆಮಾಡುವ ಆಸೆಯಿದೆ, ಬಿಚ್ಚಿ ತೋರಿಸುವ ಆಸೆಯಿದೆ. ಕೊನೆಯದು, ನಾವು ಸಾಮಾನ್ಯವಾಗಿ ಮರೆಯುವಂಥದು, ತೆರಬೇಕಾದ ಕಂದಾಯ.

ಆ ಕಂದಾಯ ಯಾವುದು? ಸೇಂಟ್ ಫ್ರಾನ್ಸಿಸ್ಸಿನ ಮರಳು ಅದನ್ನು ಹೇಳುತ್ತದೆಂದು ನನಗೆ ತೋರುತ್ತದೆ. ಅಲ್ಲಿಗೆ ಬಂದು, ತೆರೆಯೇರಿ, ಹಲಗೆ ಹೊತ್ತು ದಿಬ್ಬ ಹತ್ತಿ ಹಿಂದಿರುಗಿದವರಿಂದ ಆ ಜಾಗಕ್ಕೆ ಕೇಡಾಗಲಿಲ್ಲ. ಅವರ ಹೆಜ್ಜೆಗಳನ್ನು ಸಂಜೆಯ ಗಾಳಿ ಅಳಿಸುತ್ತಿತ್ತು. ಕೇಡಾದದ್ದು ಬಂದವರು ಇನ್ನು ಹೋಗುವುದಿಲ್ಲ, ಈ ನೋಟ ನನ್ನ ಕಿಟಕಿಗೆ ಸೇರಿದ್ದು ಎಂದು ಗೂಟ ಹೊಡೆದಾಗ. ಎಷ್ಟು ಜನ ಬಂದರು ಎಂಬುದಕ್ಕಿಂತ ಬಂದವರು ಹೋದರೋ ಇಲ್ಲವೋ ಎಂಬುದು ಮುಖ್ಯ. ಹರಿಯುವ ಮರಳನ್ನು ಹರಿಯಗೊಡದೆ ಹಿಡಿದು ನಿಲ್ಲಿಸಿದೆವು. ಅದರಿಂದಲೇ ಹುಟ್ಟುತ್ತಿದ್ದ ತೆರೆ ಹೋಯಿತು. ಜನ ಸೇರಿದರೆ ಸಾಕು ಎಲ್ಲವೂ ಕೆಡುತ್ತದೆ ಎಂದು ಗೊಣಗುವವರು ಸಾಮಾನ್ಯವಾಗಿ ಆ ಗುಡ್ಡದ ಮೇಲೆ ಒಂದು ನಿವೇಶನಕ್ಕೆ ಮುಂಗಡ ಕೊಟ್ಟವರೇ ಆಗಿರುತ್ತಾರೆ.

ಭೋಗಿಸು, ಆದರೆ ಬಿಟ್ಟುಕೊಡುತ್ತ ಭೋಗಿಸು ಎಂಬರ್ಥದ ಉಪದೇಶ ಈಶಾವಾಸ್ಯದಲ್ಲಿದೆ. ಕಾಲೇಜಿನಲ್ಲಿ ಓದುವಾಗ ನನಗೆ ಅದು ಸಂನ್ಯಾಸಿಗಳಿಗೆ ಹೇಳಿದ ಮಾತಿನಂತೆ ಕೇಳಿಸುತ್ತಿತ್ತು. ತೆರೆಯ ಸವಾರರನ್ನು ನೋಡಿದ ಮೇಲೆ ಅದು ಲೋಕದ ಮಾತೇ ಎನ್ನಿಸಿದೆ. ತೆರೆಯನ್ನು ಹಿಡಿದಿಟ್ಟುಕೊಂಡವನು ಇದುವರೆಗೆ ಹುಟ್ಟಿಲ್ಲ. ಏರಿದವನು ಇಳಿಯಲೇಬೇಕು, ಇಳಿದ ಮೇಲೆ ಅದು ಮರಳಿನಲ್ಲಿ ಇಂಗಿ ಇಲ್ಲವಾಗುತ್ತದೆ. ಆ ಅರ್ಧ ನಿಮಿಷದಲ್ಲಿ ಅವನಿಗೆ ಸಿಕ್ಕಿದ ಸುಖ ಪೂರ್ಣವಾದದ್ದೇ. ಅದಕ್ಕೆ ಕ್ರಯಪತ್ರ ಬೇಕಾಗಿರಲಿಲ್ಲ.

ಹೀಗಿರುವಾಗ ನಾನು ಬಲ್ಲ ಆ ಭೂಶಿರದ ಹೆಸರನ್ನು ಇಲ್ಲಿ ಬರೆಯದಿರುವುದನ್ನು ಯಾರಾದರೂ ಆಕ್ಷೇಪಿಸಬಹುದು. ಪತ್ರಿಕೆಯಲ್ಲಿ ಅಚ್ಚಾದ ಹೆಸರು ಗೂಟ ಹೊಡೆಯುವವರ ಕಣ್ಣಿಗೂ ಬೀಳುತ್ತದೆ, ಆದ್ದರಿಂದ ಬರೆದಿಲ್ಲ. ಪರಿಚಿತರು ಬಂದು ಕೇಳಿದರೆ ಹೇಳುತ್ತೇನೆ. ಬಸ್ಸು ಎಲ್ಲಿ ಇಳಿಯಬೇಕು, ಗುಡ್ಡದ ದಾರಿ ಎಲ್ಲಿ ಕವಲೊಡೆಯುತ್ತದೆ, ದೋಣಿ ಎಳೆಯುವ ಜಾಗದಲ್ಲಿ ಏಕೆ ಕೂರಬಾರದು ಎಂಬುದನ್ನೆಲ್ಲ ಹೇಳುತ್ತೇನೆ. ಸಂಜೆಗೆ ಮುಂಚೆ ಗುಡ್ಡ ಹತ್ತಿಬಿಡಿ ಎಂಬುದನ್ನು ಎರಡು ಸಲ ಹೇಳುತ್ತೇನೆ. ಅದು ದಾರಿಯ ಕತ್ತಲೆಯ ಭಯದಿಂದ ಎಂದು ಅವರು ತಿಳಿದುಕೊಂಡರೂ ಚಿಂತೆಯಿಲ್ಲ.